ಪ್ಯಾಂಟಿನ ಕಲೆ ಎಲ್ಲಿಂದ ಬಂತು?

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಬೇಕೆಂದರೆ ಮೊದಲು ಮೆಟ್ಟಿಲ ಮೇಲೆ ಮಲಗಿದವರನ್ನು ಎಬ್ಬಿಸಬೇಕು. ಅಂಗಡಿ ಇಟ್ಟ ಎಷ್ಟೋ ಮಂದಿಗೆ ಈ ಕಷ್ಟ ಗೊತ್ತು. ಬೈದು ಎಬ್ಬಿಸಿದರೆ ದಿನವೆಲ್ಲ ಮನಸ್ಸಿಗೆ ಕಸಿವಿಸಿ, ಬಿಟ್ಟುಬಿಟ್ಟರೆ ವ್ಯಾಪಾರಕ್ಕೆ ಕಲ್ಲು. ನಮ್ಮ ಲಾಂಡ್ರಿ ಅಕ್ಕನಿಗೆ ಇದು ನಿತ್ಯದ ಗೋಳಾಗಿತ್ತು.

ಅಕ್ಕನಿಗೆ ಮೊದಲೇ ಮೈ ಸೋತಿತ್ತು. ಸೋಪಿನ ನೀರಿನಲ್ಲಿ ನೆಂದು ನೆಂದು ಬೆರಳು ಬಿರಿದಿದ್ದವು, ನಿಂತು ನಿಂತು ಮಂಡಿ ಹಿಡಿದಿತ್ತು. ಗಂಡ ಒಳಗೆ ಇಸ್ತ್ರಿ ಮೇಜಿನ ಮುಂದೆ ನಿಂತರೆ ಮಧ್ಯಾಹ್ನದವರೆಗೆ ತಲೆ ಎತ್ತುವವನಲ್ಲ. ಮೆಟ್ಟಿಲ ಮೇಲಿನ ಮನುಷ್ಯನನ್ನು ಮಾತಾಡಿಸುವ ಪಾಳಿ ಯಾವಾಗಲೂ ಅವಳದೇ.

ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಮೂಟೆ ತಾತ. ಎಲ್ಲಿ ಹೋದರೂ ಹೆಗಲ ಮೇಲೆ ಒಂದು ಗೋಣಿಮೂಟೆ. ನಿಜವಾಗಿ ತಾತನಾಗುವ ವಯಸ್ಸೋ ಇಲ್ಲವೋ ಯಾರು ಕಂಡರು? ಗಡ್ಡ ಬೆಳೆಸಿಕೊಂಡು ಬೀದಿಯಲ್ಲಿ ಕೂತವರೆಲ್ಲ ನಮ್ಮ ಕಣ್ಣಿಗೆ ತಾತಂದಿರೇ. ಹಗಲು ಬಸ್ ನಿಲ್ದಾಣದ ಹತ್ತಿರ ಕೈ ಚಾಚುತ್ತಿದ್ದ, ರಾತ್ರಿ ಲಾಂಡ್ರಿ ಮೆಟ್ಟಿಲಿಗೆ ಬಂದು ಮಲಗುತ್ತಿದ್ದ.

"ಏಳಿ ತಾತ, ಶಟರ್ ಎತ್ತಬೇಕು."

"ಎದ್ದೆ ತಾಯಿ, ಎದ್ದೆ."

ಅಕ್ಕ ಕೆಟ್ಟವಳಲ್ಲ. ಟೀ ತರಿಸುವಾಗ ಅವನಿಗೂ ಒಂದು ಲೋಟ ತರಿಸುತ್ತಿದ್ದಳು. ಲಾಂಡ್ರಿಯಲ್ಲಿ ಒಂದು ಪದ್ಧತಿ ಉಂಟು. ಯಾರೂ ಬಂದು ಒಯ್ಯದ ಬಟ್ಟೆಗಳನ್ನು ಮೇಲಿನ ಹಲಗೆಯಲ್ಲಿ ಇಡುತ್ತಾರೆ. ವರ್ಷಗಟ್ಟಲೆ ಕಾದು, ಇನ್ನು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇಲ್ಲದವರಿಗೆ ಕೊಟ್ಟುಬಿಡುತ್ತಾರೆ. ಹಾಗೆ ಅವನಿಗೂ ಎರಡು ಪ್ಯಾಂಟು ಸಿಕ್ಕವು. ಒಂದು ಅವನ ಮೈಮೇಲೆ, ಇನ್ನೊಂದು ಅಕ್ಕನ ಬಕೆಟ್ಟಿನಲ್ಲಿ. ವಾರಕ್ಕೊಮ್ಮೆ ಅದಲು ಬದಲು.

ಆ ಪ್ಯಾಂಟುಗಳ ಬಲಗಾಲಿನ ಅಂಚಿನಲ್ಲಿ ಪ್ರತಿ ಸಲ ಒಂದು ಕಲೆ. ಕೆಂಪೂ ಅಲ್ಲ, ಹಳದಿಯೂ ಅಲ್ಲ, ರಕ್ತ ಬೆರೆತ ಬಣ್ಣ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಸಬೇಕು. ಇದೆಲ್ಲ ಅಕ್ಕನಿಗೆ ಅಂಗೈ ಗೆರೆಯಷ್ಟು ಪರಿಚಿತ. ನೆನೆಸಿದಳು, ತಿಕ್ಕಿದಳು, ಕಲೆ ಹೋಯಿತು. ಮುಂದಿನ ವಾರ ಇನ್ನೂ ದೊಡ್ಡ ಕಲೆ ಬಂತು. ಅದನ್ನೂ ತೆಗೆದಳು. ಹಟ ಬಂದವಳಂತೆ ತೆಗೆದಳು.

ಅಷ್ಟರಲ್ಲಿ ಗಿರಾಕಿಗಳ ರಾಗ ಶುರುವಾಯಿತು. "ಏನಕ್ಕಾ, ಬಟ್ಟೆ ಕೊಡೋಕೆ ಬಂದ್ರೆ ಮೆಟ್ಟಿಲಲ್ಲೇ ಗಬ್ಬು ನಾತ. ಒಗೆಯೋ ಅಂಗಡಿ ಅಂತೀರಿ!"

ಇಸ್ತ್ರಿ ಗಂಡ ಒಳಗಿನಿಂದಲೇ ಗೊಣಗಿದ. "ನಾನು ಹೇಳಿದ್ದೆ. ಊರ ಉಸಾಬರಿ ನಮಗ್ಯಾಕೆ? ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು. ಕೊಟ್ಟಷ್ಟೂ ಕೂತಿರ್ತಾನೆ."

"ಕೊಡದಿದ್ರೂ ಕೂತಿರ್ತಾನೆ ಕಣ್ರೀ. ನನಗೂ ಸಾಕಾಗಿದೆ."

ಅವಳು ಎರಡು ಉಪಾಯ ಮಾಡಿದಳು. ಮೆಟ್ಟಿಲಿಗೆ ಫಿನಾಯಿಲ್ ಸುರಿದಳು. ಮೇಲಿನ ಹಲಗೆಯಿಂದ ಒಂದು ಕಪ್ಪು ಪ್ಯಾಂಟು ಹುಡುಕಿ ಅವನಿಗೆ ಕೊಟ್ಟಳು. ಕಪ್ಪು ಬಟ್ಟೆಯಲ್ಲಿ ಕಲೆ ಕಾಣುವುದಿಲ್ಲವಲ್ಲ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡ ತಾತ ನೋಡುವುದಕ್ಕೆ ಯಾವುದೋ ಆಫೀಸಿನಿಂದ ರಿಟೈರ್ ಆದವನ ಹಾಗೆ ಕಂಡ. ಅವಳಿಗೆ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ನಾದಿನಿ ಬಂದಳು. ಮನೆಯಿಲ್ಲದವರಿಗಾಗಿ ನಡೆಸುವ ತಂಗುದಾಣವೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿನ ಹೊದಿಕೆಗಳನ್ನು ಒಗೆಯಲು ಅಣ್ಣನ ಲಾಂಡ್ರಿಗೇ ತರುತ್ತಿದ್ದಳು. ಗಂಟು ಇಳಿಸಿ, ನೀರು ಕುಡಿದು, ಹಿಂದಿನ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಹೋದವಳು ಅಲ್ಲೇ ನಿಂತಳು.

"ಅತ್ತಿಗೆ, ಈ ಕಪ್ಪು ಪ್ಯಾಂಟು ಯಾರದು? ನೀರೆಲ್ಲ ಯಾಕೆ ರಕ್ತದ ಹಾಗಾಗಿದೆ?"

"ಅದು ಮೂಟೆ ತಾತಂದು ಕಣೇ. ಎಷ್ಟು ಸಲ ತೆಗೆದ್ರೂ ಮತ್ತೆ ಕಲೆ. ನನ್ನ ಕೈ ಬಿದ್ದುಹೋಯ್ತು."

"ಕಲೆ ಎಲ್ಲಿಂದ ಬರ್ತಿದೆ?"

ಅಕ್ಕ ಪ್ಯಾಂಟನ್ನು ಮತ್ತೆ ನೀರಿಗೆ ಅದ್ದಿದಳು.

"ಕೇಳಲಿಲ್ವಾ ಅತ್ತಿಗೆ?"

"ಏನಂತ ಕೇಳೋದು? ಗಿರಾಕಿಗಳ ಬಟ್ಟೇಲಿ ಕಲೆ ಇದ್ರೆ, ಇದು ಎಲ್ಲಾಯ್ತು ಹೇಗಾಯ್ತು ಅಂತ ಕೇಳ್ತೀವಾ? ನಮ್ಮ ಕಸುಬಿನಲ್ಲಿ ಕೇಳೋ ಹಾಗಿಲ್ಲ. ತೆಗೆದು ಕೊಡೋದಷ್ಟೇ."

ನಾದಿನಿ ನಿಟ್ಟುಸಿರಿಟ್ಟಳು. ಬೆಳಗಿನಿಂದ ಓಡಾಡಿ ಅವಳಿಗೂ ಸುಸ್ತಾಗಿತ್ತು. "ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಹಾಗಾಯ್ತು. ಬನ್ನಿ, ಅವರು ಎಲ್ಲಿ ಕೂತಿರ್ತಾರೆ ತೋರಿಸಿ."

ತಾತ ಅವತ್ತು ಬಸ್ ನಿಲ್ದಾಣಕ್ಕೂ ಹೋಗಿರಲಿಲ್ಲ. ಪಕ್ಕದ ಮುಚ್ಚಿದ ಅಂಗಡಿಯ ನೆರಳಿನಲ್ಲಿ ಮೂಟೆಗೆ ಒರಗಿ ಕೂತಿದ್ದ. ನಾದಿನಿ ನಿಂತುಕೊಂಡು ಮಾತಾಡಲಿಲ್ಲ, ಅವನ ಎದುರಿಗೆ ನೆಲದ ಮೇಲೆ ಕೂತಳು. ಮಂಡಿನೋವಿನ ಅಕ್ಕ ಗೋಡೆ ಹಿಡಿದು ನಿಂತಳು.

"ನಮಸ್ಕಾರ ಅಣ್ಣ. ನಾನು ಈ ಲಾಂಡ್ರಿಯವರ ತಂಗಿ. ಕೂತ್ಕೊಂಡು ಎರಡು ಮಾತಾಡಬಹುದಾ?"

ಅವನು ಅಕ್ಕನ ಮುಖ ನೋಡಿದ. ಎಬ್ಬಿಸಿ ಕಳಿಸುವುದಕ್ಕೆ ಬಂದರೇನೋ ಎಂಬ ಭಯ. "ಈಗ ಹೋಗ್ತೀನಿ ತಾಯಿ," ಎಂದ.

"ಹೋಗೋದು ಬೇಡ. ಮೊದಲು ಏನು ಕೆಲಸ ಮಾಡ್ತಿದ್ರಿ ಅಣ್ಣ?"

ಅವನನ್ನು ಯಾರಾದರೂ ಈ ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. "ಗೋಡೆಗೆ ಬಣ್ಣ ಹೊಡೀತಿದ್ದೆ. ಎಷ್ಟೆತ್ತರ ಇದ್ರೂ ಹತ್ತುತ್ತಿದ್ದೆ. ಒಂದಿನ ಬಿದ್ದೆ. ಆಮೇಲೆ ಯಾರೂ ಕರೀಲಿಲ್ಲ. ಬಾಡಿಗೆ ಕಟ್ಟೋಕಾಗ್ಲಿಲ್ಲ."

"ಕಾಲಿಗೆ ಏನಾಗಿದೆ?"

"ಏನಿಲ್ಲ. ನೋವೇನೂ ಇಲ್ಲ."

"ನೋವಿಲ್ಲ ಅಂದ್ರೇ ನನಗೆ ಭಯ ಅಣ್ಣ. ಸಕ್ಕರೆ ಕಾಯಿಲೆ ಇದ್ದೋರಿಗೆ ಗಾಯ ಆದ್ರೂ ಗೊತ್ತಾಗಲ್ಲ. ನೋಡ್ಲಾ? ನೀವು ಬೇಡ ಅಂದ್ರೆ ಮುಟ್ಟಲ್ಲ."

ಅವನು ತಾನೇ ಪ್ಯಾಂಟಿನ ಅಂಚನ್ನು ಮೇಲಕ್ಕೆ ಎತ್ತಿದ. ಪಾದ ಊದಿಕೊಂಡಿತ್ತು. ಬೆರಳುಗಳಿಗೆ ಸುತ್ತಿದ್ದ ಚಿಂದಿ ಗಾಯಕ್ಕೇ ಅಂಟಿತ್ತು. ಕಿರುಬೆರಳು ಕಪ್ಪಾಗಿತ್ತು.

ಮೇಲೆ ಥಳುಕು ಒಳಗೆ ಹುಳುಕು ಎಂದು ಕಂಡವರನ್ನೆಲ್ಲ ಆಡಿಕೊಳ್ಳುತ್ತಿದ್ದವಳು ಅಕ್ಕನೇ. ಈ ಹುಳುಕಿಗೆ ಥಳುಕು ಹಚ್ಚಿದ್ದೂ ಅವಳೇ, ಅದೂ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿ. ನಾಚಿಕೆಯಿಂದ ಅವಳ ಕಣ್ಣು ತುಂಬಿತು.

"ಇವತ್ತೇ ಆಸ್ಪತ್ರೆಗೆ ಹೋಗಬೇಕು," ಎಂದಳು ನಾದಿನಿ. "ತಡ ಮಾಡಿದ್ರೆ ಕಾಲೇ ಹೋಗುತ್ತೆ."

"ನಾನು ಬರಲ್ಲ."

"ಎತ್ತಿಕೊಂಡೇ ಹೋಗೋಣ," ಎಂದಳು ಅಕ್ಕ. "ಆಂಬುಲೆನ್ಸ್ ಕರಿ. ಅವರನ್ನೇನು ಕೇಳ್ತೀಯ?"

"ಅದನ್ನ ಮಾತ್ರ ಮಾಡಬಾರದು ಅತ್ತಿಗೆ. ಎಚ್ಚರ ತಪ್ಪಿದ್ರೆ, ರಕ್ತ ನಿಲ್ಲದಿದ್ರೆ ಕೇಳ್ತಾ ಕೂರೋದಿಲ್ಲ, ಸರಿ. ಈಗ ಅವರಿಗೆ ಬುದ್ಧಿ ನೆಟ್ಟಗಿದೆ. ಬರಲ್ಲ ಅಂದ್ರೆ ಯಾಕೆ ಅಂತ ಕೇಳಬೇಕು." ಅವಳು ಅವನ ಕಡೆ ತಿರುಗಿದಳು. "ಯಾಕೆ ಅಣ್ಣ?"

ಅವನ ಕೈ ಮೂಟೆಯ ಮೇಲೆ ಹೋಯಿತು. "ಹಿಂದೆ ಒಂದ್ಸಲ ಯಾರೋ ವ್ಯಾನಿನಲ್ಲಿ ಬಂದು ನನ್ನನ್ನ ಎತ್ತಿ ಹಾಕ್ಕೊಂಡು ಹೋದ್ರು. ಬೀದಿ ಖಾಲಿ ಮಾಡ್ಬೇಕಿತ್ತಂತೆ. ಒಳ್ಳೇದಕ್ಕೇ ಅಂದ್ರು. ನನ್ನ ಮೂಟೆ ಇಲ್ಲೇ ಉಳೀತು. ತಿರುಗಿ ಬಂದ್ರೆ ಇಲ್ಲ, ಕಸದೋರು ಎತ್ಕೊಂಡು ಹೋಗಿದ್ರು. ಮಗಳ ಫೋಟೋ ಅದರಲ್ಲಿತ್ತು. ಈಗಿರೋದು ಬ್ರಷ್ಷುಗಳು, ಒಂದು ಕಂಬಳಿ. ಇದನ್ನೂ ಬಿಟ್ಟು ಎಲ್ಲಿಗೂ ಹೋಗಲ್ಲ."

ನಾದಿನಿಗೆ ಇಂಥದ್ದು ಹೊಸತಲ್ಲ. "ಹಾಗೆ ಮಾಡಿದ್ದು ತಪ್ಪು ಅಣ್ಣ," ಎಂದಳು. ಸಮಜಾಯಿಷಿ ಹೇಳಲಿಲ್ಲ.

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. ಒಂದು ಕೆಲಸವಾದರೂ ತನಗೆ ಬರುವಂಥದ್ದು ಸಿಕ್ಕಿತಲ್ಲ. "ಅಣ್ಣ, ಜನರ ಸಾಮಾನು ಕಾಪಾಡೋದೇ ನಮ್ಮ ಕಸುಬು. ರೇಷ್ಮೆ ಸೀರೆ ಬಿಟ್ಟುಹೋದ್ರೂ ಒಂದು ದಾರ ಕಳೀದ ಹಾಗೆ ಇಟ್ಟಿರ್ತೀನಿ. ನಿಮ್ಮ ಮೂಟೆ ನನ್ನ ಅಂಗಡೀಲಿರಲಿ. ಚೀಟಿ ಕೊಡ್ತೀನಿ. ನೀವೇ ಬಂದು ಕೇಳೋವರೆಗೂ ಯಾರಿಗೂ ಕೊಡಲ್ಲ, ಬಿಚ್ಚಿಯೂ ನೋಡಲ್ಲ."

ಅವನು ಮೂಟೆಯ ಬಾಯಿಯ ಗಂಟನ್ನು ಇನ್ನೊಮ್ಮೆ ಬಿಗಿದ. ಆಮೇಲೆ ಮೂಟೆಯನ್ನು ಅವಳ ಕಡೆ ತಳ್ಳಿದ. ಇಷ್ಟು ಹಗುರವಾದದ್ದಕ್ಕೆ ಒಬ್ಬ ಮನುಷ್ಯ ಕಾಲನ್ನೇ ಕಳೆದುಕೊಳ್ಳಲು ತಯಾರಿದ್ದನಲ್ಲ ಎಂದು ಅವಳಿಗೆ ಎತ್ತಿದಾಗ ಅನಿಸಿತು.

ಮೂಟೆ ಒಳಗೆ ಬಂದಾಗ ಇಸ್ತ್ರಿ ಗಂಡ ಹುಬ್ಬು ಗಂಟಿಕ್ಕಿದ. "ಗಿರಾಕಿಗಳ ಬಟ್ಟೆ ಜೊತೆ ಇದನ್ನಿಡ್ತೀಯಾ? ತಲೆ ಕೆಟ್ಟಿದೆಯಾ?"

"ಅವರೂ ಗಿರಾಕೀನೇ."

"ಇವತ್ತು ಕಾಲು ಅಂತಾರೆ, ನಾಳೆ ಊಟ ಅಂತಾರೆ. ಎಲ್ಲಿಗೆ ಮುಗಿಯುತ್ತೆ ಇದು?"

"ಮುಗಿಯಲ್ಲ ಅಣ್ಣ," ಎಂದಳು ನಾದಿನಿ. "ಎಲ್ಲಾನೂ ನೀವೇ ಮಾಡಿ ಅಂತ ಯಾರು ಹೇಳಿದ್ರು? ಕಾಲು ನೋಡೋಕೆ ಡಾಕ್ಟರ್ ಇದ್ದಾರೆ, ಮಲಗೋಕೆ ನಮ್ಮ ತಂಗುದಾಣ ಇದೆ. ಅಲ್ಲೀತನಕ ಮುಟ್ಟಿಸೋರೇ ಇಲ್ಲ. ಎಲ್ಲರೂ ಚಿಲ್ಲರೆ ಹಾಕಿ ಮುಂದೆ ಹೋಗ್ತಾರೆ."

"ಚಿಲ್ಲರೇನೂ ಹಾಕಬಾರದಾ ಹಾಗಾದ್ರೆ? ಕುಡಿದು ಹಾಳು ಮಾಡ್ತಾರೆ ಅಂತಾರೆ."

"ಕುಡಿಯೋರು ಇರ್ತಾರೆ, ಇಲ್ಲ ಅನ್ನಲ್ಲ. ಹಸಿದೋರೂ ಇರ್ತಾರೆ. ಕೊಡೋದು ಬಿಡೋದು ನಿಮ್ಮಿಷ್ಟ. ಕೊಟ್ಟು ಮುಖ ತಿರುಗಿಸಬೇಡಿ, ಅಷ್ಟೇ."

ಅವಳ ಅಣ್ಣ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟ. ಒಗೆದ ಹಳೆಯ ಬೆಡ್‌ಶೀಟ್ ಒಂದನ್ನು ತೆಗೆದು ಮೂಟೆಗೆ ತಾನೇ ಸುತ್ತಿ ಗಂಟು ಹಾಕಿದ. "ಧೂಳಾಗುತ್ತೆ," ಎಂದ, ಯಾರೂ ಕೇಳದಿದ್ದರೂ.

ಆಸ್ಪತ್ರೆಯಲ್ಲಿ ಉದ್ದದ ಬೆಂಚು, ಉದ್ದದ ಸಾಲು. ಬಿಟ್ಟು ಬಂದುಬಿಡೋಣ ಎಂದುಕೊಂಡೇ ಅಕ್ಕ ಹೋಗಿದ್ದಳು. ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಮಂಡಿ ಬೇರೆ ಕಿತ್ತುಹೋಗುವಂತೆ ನೋಯುತ್ತಿತ್ತು. ಆಟೋ ಇಳಿಯುವಾಗಲೇ ನಾದಿನಿಗೆ ತಂಗುದಾಣದಿಂದ ಕರೆ ಬಂದು ಅವಳು ಹೊರಡಬೇಕಾಯಿತು. ಉಳಿದವರು ಇವರಿಬ್ಬರೇ.

ಡಾಕ್ಟರ್ ಕಾಲು ನೋಡಿ ಮುಖ ಸಣ್ಣದು ಮಾಡಿದರು. "ಸಕ್ಕರೆ ಇದೆ. ಎರಡು ಬೆರಳು ತೆಗೀಬೇಕು. ಸ್ವಲ್ಪ ಮುಂಚೆ ಬಂದಿದ್ರೆ ಬೆರಳೂ ಉಳೀತಿತ್ತು. ಈಗ ಕಾಲು ಉಳಿಸಿಕೊಳ್ಳೋಣ."

ಅವನು ತಲೆಯಾಡಿಸಿದ. ಅವನನ್ನು ತಳ್ಳುಗಾಡಿಯ ಮೇಲೆ ಒಳಗೆ ಕರೆದೊಯ್ದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾಗಿಲ ಕಡೆ ಹೊರಟಳು. ಆಗ ಹಿಂದಿನಿಂದ ನರ್ಸಮ್ಮ ಕೂಗಿದರು:

"ಈ ಪೇಶಂಟಿನ ಕಡೆಯೋರು ಯಾರು?"

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನರ್ಸಮ್ಮ ಇನ್ನೊಂದು ಸಲ ಕೂಗಿದರು. ಅಕ್ಕ ಬಾಗಿಲ ಹತ್ತಿರ ನಿಂತುಬಿಟ್ಟಳು. ನಾನು ಅವರಿಗೆ ಏನಾಗಬೇಕು? ಬಟ್ಟೆ ಒಗೆದವಳು. ಅಷ್ಟು ದಿನ ಅವರ ರಕ್ತವನ್ನು ಕೈಯಾರೆ ತೊಳೆದು ಮೋರಿಗೆ ಚೆಲ್ಲಿದವಳು.

"ನಾನಿದ್ದೀನಿ," ಎಂದಳು. "ನಮ್ಮೋರೇ."

ಒಳಗಿನಿಂದ ಅವನು ಕತ್ತು ಹೊರಳಿಸಿ ನೋಡಿದ. ಅಲ್ಲಿಯವರೆಗೆ ಕಲ್ಲಿನಂತಿದ್ದ ಮನುಷ್ಯ ಆಗ ಅತ್ತ.

ಓದುಗರೇ, ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳುವ ಆಸೆ ನಮಗೂ ಇದೆ. ಹಾಗಾಗಲಿಲ್ಲ. ಕಾಲು ಉಳಿಯಿತು, ಬೆರಳುಗಳು ಹೋದವು. ಮೂಟೆ ತಾತ ಎಂಬ ಹೆಸರು ಹೋಗಿ ಪೇಂಟರಣ್ಣನಾದವನು ಈಗ ತಂಗುದಾಣದಲ್ಲಿ ಮಲಗುತ್ತಾನೆ, ಕೆಲವು ದಿನ ಜಗಳವಾಡಿಕೊಂಡು ಹೊರಗೇ ಉಳಿಯುತ್ತಾನೆ. ಕೋಲು ಹಿಡಿದು ನಡೆಯುತ್ತಾನೆ, ಅಕ್ಕ ಬಿಚ್ಚದೆ ಕಾಪಾಡಿದ ಮೂಟೆ ಮತ್ತೆ ಹೆಗಲ ಮೇಲಿದೆ. ಕೆಲಸ ಇನ್ನೂ ಸಿಕ್ಕಿಲ್ಲ. ಒಮ್ಮೊಮ್ಮೆ ಮತ್ತೆ ಕೈ ಚಾಚುತ್ತಾನೆ. ಅಕ್ಕನಿಗೆ ಬೇಸರವಾಗುತ್ತದೆ, ಬೈಯುತ್ತಾಳೆ, ಆಮೇಲೆ ಗಾಯದ ಪಟ್ಟಿ ಬದಲಾಯಿಸಿದರಾ ಎಂದು ವಿಚಾರಿಸುತ್ತಾಳೆ. ಒಂದೇ ಸಲಕ್ಕೆ ಯಾರ ಬದುಕೂ ಇಸ್ತ್ರಿಯಾಗುವುದಿಲ್ಲ ಎಂದು ಅವಳ ಗಂಡನೇ ಈಗ ಗಿರಾಕಿಗಳಿಗೆ ಹೇಳುತ್ತಾನೆ.

ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದಾರೆ. ಕೊಡುವುದನ್ನು ಕೊಡಿ, ಆದರೆ ನಿಂತು ಮಾತಾಡಿಸಿ. ಏನು ಬೇಕು ಎಂದು ನೀವೇ ತೀರ್ಮಾನ ಮಾಡಬೇಡಿ, ಅವರನ್ನೇ ಕೇಳಿ. ಗಾಯವೋ ಜ್ವರವೋ ಕಂಡರೆ ಆಸ್ಪತ್ರೆಗೆ ಮುಟ್ಟಿಸಿ, ಸಾಧ್ಯವಾದರೆ ಜೊತೆಗೆ ಹೋಗಿ. ನಿಮ್ಮ ಊರಿನ ತಂಗುದಾಣ ಎಲ್ಲಿದೆ ಎಂದು ಇವತ್ತೇ ತಿಳಿದುಕೊಂಡು ಅದರ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಅವರ ಸಾಮಾನನ್ನು ಕಸವೆಂದು ಎಸೆಯಬೇಡಿ, ಒಪ್ಪಿಗೆ ಇಲ್ಲದೆ ಫೋಟೋ ತೆಗೆಯಬೇಡಿ. ನಿಮಗೂ ದಣಿವಾಗಿರುತ್ತದೆ, ಗೊತ್ತು. ಅಕ್ಕನಿಗೂ ಆಗಿತ್ತು. ಒಂದು ಮಾತು ಕೇಳುವವರು ಬರುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ನೀವು ಇವತ್ತೇ ಕೇಳಿ.