ಕೆಮ್ಮಿಗೆ ರಜಾ

ಆನ್‌ಲೈನ್ ಸಂದರ್ಶನದ ವೇಳೆ ಕೋಣೆಯಲ್ಲಿ ಬೇರೊಂದು ನರಪಿಳ್ಳೆಯೂ ಇರಕೂಡದು. ಹೊರದೇಶದ ಮೆಡಿಕಲ್ ಕಾಲೇಜಿನವರ ನಿಯಮ. ನಮ್ಮದು ಒಂದೇ ಕೋಣೆಯ ಮನೆ ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕು? ಅರ್ಜಿ ಹಾಕಿದ ಕಾಲೇಜುಗಳೆಲ್ಲ ಕೈಕೊಟ್ಟು, ಕರೆದದ್ದು ಇದೊಂದೇ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಇದೂ ತಪ್ಪಿದರೆ ಡಾಕ್ಟರಾಗುವ ಆಸೆಗೆ ಎಳ್ಳುನೀರು.

ಅಪ್ಪ ಅಮ್ಮ ಬೀದಿಗಿಳಿಯುವುದೆಂದಾಯಿತು. ಉಬ್ಬಸದ ಅಜ್ಜಿಯನ್ನು ನಾಲ್ಕು ಮಹಡಿ ಇಳಿಸುವುದು ಹೇಗೆ? ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಪಕ್ಕದ ಮನೆಗೆ ಬೀಗ. ಮೊದಲು ಕ್ಯಾಮೆರಾದಲ್ಲಿ ಕೋಣೆಯನ್ನೆಲ್ಲ ಸುತ್ತಿ ತೋರಿಸಬೇಕಿತ್ತು. ಅದಕ್ಕೇ ಅಜ್ಜಿಯನ್ನು ಮೂಲೆಯಲ್ಲಿ ಮಲಗಿಸಿ, ಮೇಲೆ ಒಗೆಯುವ ಬಟ್ಟೆಗಳ ರಾಶಿ ಹಾಕಿದೆವು.

"ಅಜ್ಜಿ, ಕೆಮ್ಮಿದ್ರೆ ನನ್ ಕಥೆ ಮುಗೀತು," ಎಂದೆ.

"ಹೋಗೇ, ದಿನಾ ಕೆಮ್ಮಿ ಕೆಮ್ಮಿ ನಂಗೂ ಬೇಜಾರಾಗಿದೆ. ಇವತ್ತು ಕೆಮ್ಮಿಗೆ ರಜಾ ಕೊಟ್ಟಿದೀನಿ," ಎಂದು ನಕ್ಕಳು.

ಪರದೆಯ ಮೇಲೆ ಬಂದ ಡಾಕ್ಟರಮ್ಮ ಮೆದುವಾಗಿಯೇ ಮಾತಾಡಿಸಿದರು. ನಾನು ಅರಳು ಹುರಿದಂತೆ ಉತ್ತರಿಸಿದೆ. ಅವರಿಗೆ ಹಿಡಿಸಿತೆಂದು ಮುಖವೇ ಹೇಳುತ್ತಿತ್ತು. ಕೊನೆಯ ಪ್ರಶ್ನೆ ಬಂತು: ತನಗೇನಾಗುತ್ತಿದೆಯೆಂದು ಹೇಳಲಾಗದ ರೋಗಿಯನ್ನು ಹೇಗೆ ನೋಡುತ್ತೀ?

"ಮೊದಲು ಉಸಿರಾಟ ಗಮನಿಸುತ್ತೇನೆ," ಎನ್ನುತ್ತಲೇ ನನ್ನ ಕಣ್ಣು ಮೂಲೆಗೆ ಹೋಯಿತು. ಅಜ್ಜಿಯ ಕಾಲು ಬಟ್ಟೆಗಳಿಂದಾಚೆ ಬಂದು ನೆಲ ಒದೆಯುತ್ತಿತ್ತು. ಕೆಮ್ಮಿಲ್ಲ, ಸದ್ದಿಲ್ಲ. ಅಯ್ಯೋ ದೇವರೇ, ಇನ್ನೊಂದೇ ನಿಮಿಷ! ತಡೆದುಕೋ ಎಂದಿತು ನನ್ನ ಪಾಪಿ ಮನಸ್ಸು. ಮಾತು ಮುಂದುವರಿಸಿದೆ ಕೂಡ. ನಾಲಿಗೆ ತೊದಲಿತು. ಎದ್ದು ಓಡಿದೆ.

ಬಟ್ಟೆ ಕಿತ್ತೆಸೆದರೆ, ಮುದುಕಿ ಟವೆಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು. ಟವೆಲ್ಲು ಎಳೆದೆ, ಎತ್ತಿ ಕೂರಿಸಿದೆ, ಇನ್ಹೇಲರನ್ನು ಬಾಯಿಗೊತ್ತಿದೆ.

"ಉಸಿರಾಡುತ್ತಿದ್ದಾರಾ?" ಹಿಂದಿನಿಂದ ಡಾಕ್ಟರಮ್ಮ ಕೇಳಿದರು.

"ಹೂಂ."

ಅವರು ಮೆದುವಾಗಿಯೇ ಹೇಳಿದರು, "ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಕ್ಷಮಿಸು, ಸಂದರ್ಶನ ರದ್ದಾಗುತ್ತದೆ."

ಕೈಮುಗಿದು ಬೇಡಲು ತಿರುಗುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಅಜ್ಜಿಗೆ ಮೆಲ್ಲಗೆ ಉಸಿರು ಬಂತು. ನನ್ನ ಕೈ ಹಿಡಿದುಕೊಂಡು ಕೇಳಿದಳು, "ನಾನ್ ಕೆಮ್ಲಿಲ್ಲ ಅಲ್ವೇನೇ?"

ಅವಳ ಬೆನ್ನು ನೀವಿದೆ. "ಇಲ್ಲಜ್ಜಿ. ಒಂದ್ಸಲಾನೂ ಕೆಮ್ಲಿಲ್ಲ."

"ಮತ್ಯಾಕೆ ಅಳ್ತೀಯಾ, ಹುಚ್ಚಿ? ಹೋಗಿ ಬಾಗಿಲು ತೆಗಿ. ಪಾಪ, ಅವರಿಬ್ರೂ ಬಿಸಿಲಲ್ಲಿ ಕಾಯ್ತಿದಾರೆ."

ಅಪ್ಪ ಅಮ್ಮ ಆಗಲೇ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳುತ್ತಿತ್ತು. ಚಿಲಕ ತೆಗೆಯಲು ನನಗೆ ಕೈಯೇ ಏಳಲಿಲ್ಲ.