ಗೋಡೆ ಮೊದಲೋ, ಓಟಗಾರ ಮೊದಲೋ

ಈಗಲೇ ಹೇಳಿಬಿಡಬೇಕೋ, ಆಯ್ಕೆ ಮುಗಿದ ಮೇಲೆ ಹೇಳಬೇಕೋ? ಈಗ ಹೇಳಿದರೆ ಓಟಿಸ್ ಟಿವಿಯಿಂದ ಕಣ್ಣು ತೆಗೆಯುವುದಿಲ್ಲ, ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ ಮುಗಿಸುತ್ತಾನೆ. ಆಮೇಲೆ ಹೇಳೋಣವೆಂದರೆ ತಂಡ ಯಾರನ್ನು ಆರಿಸುತ್ತದೆಯೋ, ಅವನ ಮನಸ್ಸು ಹೇಗಿರುತ್ತದೆಯೋ. ಅಷ್ಟಕ್ಕೂ ಏನೆಂದು ಶುರು ಮಾಡುವುದು? ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಅಂಥ ಮಾತು ಹೇಳಿದ್ದನ್ನು ಟೆಡ್ ಗ್ರಾಬೋವ್ಸ್ಕಿ ತನ್ನ ಅರವತ್ತೊಂದು ವರ್ಷದಲ್ಲಿ ಕೇಳಿದ್ದು ಸ್ಮಶಾನದಲ್ಲಿ ಮಾತ್ರ. ಅಲ್ಲಿ ಕೇಳಿಸಿಕೊಳ್ಳಬೇಕಾದವನು ಪೆಟ್ಟಿಗೆಯೊಳಗೆ ಇರುತ್ತಿದ್ದ.

ಏಪ್ರಿಲ್ ಕೊನೆಯ ಗುರುವಾರದ ಸಂಜೆ. ಅಮೆರಿಕನ್ ಫುಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವುದನ್ನು ಟಿವಿಯಲ್ಲಿ ತೋರಿಸುವ ದಿನ. ಅಕ್ಕ ವಾಂಡಾಳ ಗ್ಯಾರೇಜಿನ ಬಾಗಿಲು ಅರ್ಧಕ್ಕೆ ತೆರೆದಿತ್ತು. ಲ್ಯಾಕವಾನಾ ಊರಿನ ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಮೇಲಿಂದ ಸರೋವರದ ಗಾಳಿ ಒಳಗೆ ನುಗ್ಗಿ ಎಲ್ಲರ ಕಾಲನ್ನೂ ತಣ್ಣಗೆ ಮಾಡುತ್ತಿತ್ತು. ಮಡಿಸುವ ಮೇಜಿನ ಮೇಲೆ ಕೋಳಿ ರೆಕ್ಕೆಗಳ ದೊಡ್ಡ ತಟ್ಟೆ. ಟೆಡ್‌ಗೆ ಮಾತ್ರ ಬೇರೆ ಬಟ್ಟಲು: ಬೆಣ್ಣೆಯಲ್ಲಿ ಮೆತ್ತಗೆ ಬಾಡಿಸಿದ, ಆಲೂಗೆಡ್ಡೆ ತುಂಬಿದ ಪಿಯರೋಗಿ ಕಡುಬು. ಖಾರ ಅವನ ಗಂಟಲಿಗೆ ಇನ್ನೂ ಆಗುತ್ತಿರಲಿಲ್ಲ.

ಜನವರಿ ನಡುವಿನಿಂದ ಏಳು ವಾರ, ವಾರಕ್ಕೆ ಐದು ದಿನ, ಆ ಗಂಟಲಿಗೆ ರೇಡಿಯೇಶನ್ ಕೊಟ್ಟಿದ್ದರು. ಓಟಿಸ್, ಪೂರ್ತಿ ಹೆಸರು ಓಟಿಸ್ ಪೆಟವೇ, ಸಿಟಿ ಬಸ್ಸಿನ ಡ್ರೈವರ್. ಕ್ರೀಡಾಂಗಣದ ಮೇಲಿನ ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಟೆಡ್‌ನ ಪಕ್ಕದ ಸೀಟಿನವನು. ಅದಕ್ಕಿಂತ ಹೆಚ್ಚಿನ ಸಂಬಂಧವೇನೂ ಅಲ್ಲ. ಅವನು ಬೆಳಗಿನ ಪಾಳಿಯನ್ನು ಯಾರಿಗೋ ಬಿಟ್ಟುಕೊಟ್ಟು ಮಧ್ಯಾಹ್ನದ ಪಾಳಿ ತೆಗೆದುಕೊಂಡ. ಟೆಡ್ ಕೇಳಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಏಳಕ್ಕೆ ಮನೆ ಮುಂದೆ ಕಾರು ನಿಲ್ಲಿಸಿ ಹಾರನ್ ಹೊಡೆದ, ಅಷ್ಟೇ. ಮೂವತ್ತೈದು ದಿನ ಹಿಮದಲ್ಲಿ ಕರೆದುಕೊಂಡು ಹೋದ, ಕರೆತಂದ. ಮೂವತ್ತೈದು ದಿನವೂ ಕಾರಿನಲ್ಲಿ ಒಂದೇ ಮಾತು: ಕಾಲೇಜಿನಿಂದ ಹೊರಬರುವ ಹುಡುಗರಲ್ಲಿ ನಮ್ಮ ತಂಡ ಈ ಸಲ ಯಾರನ್ನು ಆರಿಸಬೇಕು.

ಹೋದ ವರ್ಷ ಹದಿನೇಳು ಆಟದಲ್ಲಿ ಮೂರು ಗೆದ್ದ ತಂಡ. ಹೆಚ್ಚು ಸೋತವರು ಮೊದಲು ಆರಿಸಬೇಕೆಂಬ ನಿಯಮದಂತೆ ಮೂರನೆಯ ಸರದಿ ಸಿಕ್ಕಿತ್ತು. ಲೂಯಿಸಿಯಾನಾದ ಥಿಬೊಡೋ ಎಂಬ ರನ್ನಿಂಗ್ ಬ್ಯಾಕ್, ಅಂದರೆ ಓಟಗಾರ, ಬರಲಿ ಎಂಬುದು ಟೆಡ್‌ನ ಆಸೆ. ಚೆಂಡನ್ನು ಎದೆಗೆ ಅವಚಿಕೊಂಡು ಎದುರಾಳಿಗಳ ಗುಂಪಿಗೆ ನುಗ್ಗುವವನು. ಬಿದ್ದರೂ ಮುಂದಕ್ಕೇ ಬೀಳುವ ಹುಡುಗ ಎಂದು ಟೆಡ್‌ಗೆ ಅವನ ಮೇಲೆ ಪ್ರೀತಿ. ಓಟಿಸ್ ಅದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ.

“ಲೇ ಗ್ರಾಬೋವ್ಸ್ಕಿ, ಮುಂದಿನ ಸಾಲಲ್ಲಿ ತಡೆಯೋರೇ ಇಲ್ಲ ನಮಗೆ. ಗೋಡೆ ಇಲ್ದೆ ಬಾಗಿಲು ಇಟ್ಟು ಏನ್ ಮಾಡ್ತೀಯ? ಮೊದ್ಲು ಗೋಡೆ ಕಟ್ಟು. ಮುನ್ನೂರು ಪೌಂಡಿನ ಒಬ್ಬ ದಢೂತೀನ ತಗೊಂಡ್ ಬಾ.”

“ನಿನ್ ಗೋಡೆ ನೋಡೋಕೆ ಯಾರು ಬರ್ತಾರೋ? ಜನ ಓಟ ನೋಡೋಕೆ ಬರ್ತಾರೆ.”

“ಬುದ್ಧಿ ಇರೋ ಯಾವ ತಂಡಾನೂ ಮೂರನೇ ಸರದೀಲಿ ಓಟಗಾರನ್ನ ತಗೊಳಲ್ಲ.”

“ನಮ್ಮದಕ್ಕೆ ಬುದ್ಧಿ ಇದೆ ಅಂತ ನಿನಗ್ಯಾರು ಹೇಳಿದ್ದು?”

ದಿನ ಕಳೆದಂತೆ ಟೆಡ್‌ನ ಗಂಟಲು ಸುಟ್ಟು ಮಾತು ಕಡಿಮೆಯಾಯಿತು. ಓಟಿಸ್ ಮಾತ್ರ ಎರಡೂ ಕಡೆಯ ವಾದವನ್ನು ತಾನೇ ಮಾಡಿಕೊಂಡು ಎರಡಕ್ಕೂ ತಾನೇ ಸಿಟ್ಟಾಗುತ್ತಿದ್ದ. ಫೆಬ್ರವರಿ ಹನ್ನೊಂದು, ಇಪ್ಪತ್ತಮೂರನೆಯ ದಿನ. ಹೊರಗೆ ಬಂದು ಕಾರಿನಲ್ಲಿ ಕುಳಿತು ಟೆಡ್ ಒಂದು ಕಾಗದದ ಮೇಲೆ ಬರೆದು ತೋರಿಸಿದ್ದ: ‘ನಾಳೆಯಿಂದ ಬರಬೇಡ. ಈ ಚಿಕಿತ್ಸೆ ಸಾಕು.’ ಓಟಿಸ್ ಅದನ್ನು ಓದಿದ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಇಂಜಿನ್ ಚಾಲೂ ಮಾಡದೆ ಬಹಳ ಹೊತ್ತು ಕುಳಿತಿದ್ದ. ಗಾಜಿನ ಮೇಲೆ ಹಿಮ ಕೂತು ಹೊರಗಿನದೇನೂ ಕಾಣದಂತಾಯಿತು. ಆಮೇಲೆ ಶುರು ಮಾಡಿದ: ಆ ಥಿಬೊಡೋ ಹೆಣ್ಣುಮಕ್ಕಳ ತಂಡಕ್ಕೂ ಲಾಯಕ್ಕಿಲ್ಲ, ಅವನನ್ನು ಮೆಚ್ಚುವವರಿಗೆ ಆಟವೇ ಗೊತ್ತಿಲ್ಲ, ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂರಿಸಿಕೊಂಡದ್ದು ದಂಡ. ಮನೆ ತಲುಪುವ ಹೊತ್ತಿಗೆ ಟೆಡ್ ರಕ್ತದ ರುಚಿ ಬರುವಷ್ಟು ಕಿರುಚಿದ್ದ. “ನಾಳೆ ಬಾ, ಹೇಳ್ತೀನಿ ನಿಂಗೆ” ಎಂದು ಬಾಗಿಲು ಬಡಿದು ಇಳಿದಿದ್ದ. ಮರುದಿನ ಏಳಕ್ಕೆ ಹಾರನ್ ಕೇಳಿಸಿತು. ಟೆಡ್ ಕೋಟು ಹಾಕಿಕೊಂಡೇ ಕಾಯುತ್ತಿದ್ದ.

ಈಗ ಗಡ್ಡೆ ಕಾಣುತ್ತಿಲ್ಲ ಎಂದಿದ್ದಾರೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದಾರೆ. ಮತ್ತು ನಾಡಿದ್ದು ಶನಿವಾರ ಓಟಿಸ್‌ನ ಮನೆಗೆ ಲಾರಿ ಬರುತ್ತದೆ. ಅವನ ಹೆಂಡತಿ ಅರ್ನೆಸ್ಟಿನ್‌ಳ ಊರು ಜಾರ್ಜಿಯಾ. ಬಸ್ಸಿಗೆ ವಿದಾಯ ಹೇಳಿ ಇಬ್ಬರೂ ಅಲ್ಲಿಗೇ ಹೊರಟಿದ್ದರು. ಹೇಳುವುದಾದರೆ ಇವತ್ತೇ.

“ಫೋನು, ಫೋನು. ಎಲ್ಲಾ ಡಬ್ಬಿಗೆ,” ಎಂದು ವಾಂಡಾ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಟಿವಿಗಿಂತ ಮೊದಲೇ ಫೋನಿನಲ್ಲಿ ಹೆಸರು ಬಂದುಬಿಡುತ್ತದೆ. ಅದು ಅವಳಿಗೆ ಆಗದು. ಇನ್ನೊಂದು ಕೈಯಲ್ಲಿ ಸತ್ತ ಗಂಡನ ಕಾರ್ಖಾನೆಯ ಹಳದಿ ಶಿರಸ್ತ್ರಾಣ. “ಚೀಟಿ ಹಾಕದೋರು ಯಾರು?”

ಅದು ಈ ಗ್ಯಾರೇಜಿನ ಪದ್ಧತಿ. ತಂಡ ಯಾರನ್ನು ಆರಿಸುತ್ತದೆ ಎಂದು ಒಬ್ಬೊಬ್ಬರೂ ಬರೆದು ಶಿರಸ್ತ್ರಾಣದೊಳಗೆ ಹಾಕಬೇಕು. ಸರಿಯಾಗಿ ಬರೆದವನು ಕೇಳಿದ ಅಡಿಗೆಯನ್ನು ಉಳಿದವರು ಸೆಪ್ಟೆಂಬರಿನ ಮೊದಲ ಆಟದ ದಿನ ಮಾಡಿ ಹಾಕಬೇಕು.

“ಪೆಟವೇ ಸಾಹೇಬ್ರು ಹಾಕಿದ್ರೇನು, ಬಿಟ್ರೇನು,” ಎಂದ ಡೆನ್ನಿ ಹೂಲಿಹಾನ್. ಪಕ್ಕದ ಬೀದಿಯ ಅಂಚೆಯವನು, ಇವರೆಲ್ಲರಿಗಿಂತ ಚಿಕ್ಕವನು. “ಹತ್ತೊಂಬತ್ತು ವರ್ಷದಲ್ಲಿ ಇವರು ಬರೆದೋನು ಒಬ್ಬನಾದ್ರೂ ಬಂದಿದ್ದಾನಾ? ಇವರು ಹೆಸರು ಬರೆದ್ರೆ ಆ ಹುಡುಗನ ಅಮ್ಮ ಅಳ್ತಾಳೆ.”

“ನೀನು ಸರಿಯಾದ ಮನೆಗೆ ಕಾಗದ ಹಾಕಿದ್ದಕ್ಕಿಂತ ಹೆಚ್ಚು ಸಲ ನಾನು ಸರಿ ಹೇಳಿದೀನಿ, ಬಿಡೋ,” ಎಂದ ಓಟಿಸ್. ಕೋಟಿನ ಜೇಬಿನಿಂದ ಮಡಿಸಿದ ಚೀಟಿ ತೆಗೆದು ಒಳಗೆ ಬಿಟ್ಟ.

ಈಗ ಹೇಳಿಬಿಡಲೇ ಎಂದು ಟೆಡ್ ಮತ್ತೊಮ್ಮೆ ಯೋಚಿಸಿದ. “ಪೆಟವೇ” ಎಂದ.

“ಶ್! ಬಂದ ನೋಡು.”

ವೇದಿಕೆಯ ಮೇಲೆ ಸೂಟು ತೊಟ್ಟವನು ಕಾಗದ ನೋಡಿಕೊಂಡು ನಮ್ಮ ತಂಡದ ಹೆಸರು ಹೇಳಿದ. ಆಮೇಲೆ ಹೇಳಿದ್ದು: ರನ್ನಿಂಗ್ ಬ್ಯಾಕ್, ಥಿಬೊಡೋ.

ಡೆನ್ನಿ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡ. ವಾಂಡಾ ಇಕ್ಕಳ ಹಿಡಿದೇ ಕಿರುಚಿದಳು. ಬೀದಿಯಾಚೆಯ ಇನ್ನೊಂದು ಗ್ಯಾರೇಜಿನಿಂದಲೂ ಕೂಗು ಕೇಳಿಸಿತು. ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಪರದೆಯ ಮೇಲೆ ಆ ಹುಡುಗ ಅಜ್ಜಿಯನ್ನು ತಬ್ಬಿಕೊಂಡಿದ್ದ. ಅಜ್ಜಿಯ ಟೋಪಿ ಕೆಳಗೆ ಬಿತ್ತು. ಸದ್ಯ, ನೋಡಲು ನಾನಿದ್ದೇನೆ ಎಂದು ಟೆಡ್ ಅಂದುಕೊಂಡ.

“ಥೂ! ಮೂರನೇ ಸರದಿ!” ಡೆನ್ನಿ ಗ್ಯಾರೇಜಿನ ಉದ್ದಕ್ಕೂ ನಡೆದಾಡತೊಡಗಿದ. “ಮೂರನೇ ಸರದೀನ ಓಟಗಾರನಿಗೆ ಸುರಿದ್ರಲ್ಲ! ಅವರದ್ದು ನಾಲ್ಕು ವರ್ಷದ ಬಾಳಿಕೆ ಕಣ್ರೀ. ನಾಲ್ಕು ವರ್ಷ ಆದ್ಮೇಲೆ ಮಂಡಿ ಹೋಯ್ತು, ಮನುಷ್ಯ ಮುಗ್ದ. ನಾಲ್ಕು ವರ್ಷ ಇಟ್ಕೊಂಡು ಯಾರಿಗೇನ್ ಉಪಯೋಗ?”

ವಾಂಡಾಳ ಕೈಯ ಇಕ್ಕಳ ತಟ್ಟೆಯ ಮೇಲೆ ನಿಂತಿತು. ಡೆನ್ನಿಗೆ ತಾನು ಹೇಳಿದ್ದು ತಡವಾಗಿ ಕೇಳಿಸಿತು. ಅವನ ಕಿವಿ ಕೆಂಪಾದವು. ಓಟಿಸ್ ತನ್ನ ಬೂಟನ್ನೇ ನೋಡುತ್ತಿದ್ದ. ಇಂಥ ಮೌನ ಟೆಡ್‌ಗೆ ಈ ನಾಲ್ಕು ತಿಂಗಳಲ್ಲಿ ಅಭ್ಯಾಸವಾಗಿತ್ತು. ತಾನು ಒಳಗೆ ಬಂದಾಗ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅದು ಮೊದಲೇ ಬಂದು ಕುಳಿತಿರುತ್ತಿತ್ತು. ಓಟಿಸ್‌ನ ಕಾರಿನಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ.

“ನಾಲ್ಕು ವರ್ಷ ಅಂದ್ರೆ ಬಹಳ ಆಯ್ತು ಕಣೋ ಡೆನ್ನಿ,” ಎಂದ ಟೆಡ್. ಧ್ವನಿ ಒಡಕು ತಗಡಿನಂತಿತ್ತು. “ಚೆನ್ನಾಗಿ ಓಡಿದ್ರೆ ಸಾಕು. ನಂಗೆ ಯಾರಾದ್ರೂ ಬರ್ದುಕೊಟ್ರೆ ಈಗ್ಲೇ ರುಜು ಹಾಕ್ತೀನಿ.”

ಡೆನ್ನಿ ಮೊದಲು ನಕ್ಕ, ನಗಬಹುದೇ ಎಂದು ನೋಡುತ್ತಲೇ. “ಯಜಮಾನ್ರೇ, ನಾನು ಆ ಅರ್ಥದಲ್ಲಿ...”

“ಗೊತ್ತು ಬಿಡು. ರೆಕ್ಕೆ ತಿನ್ನು, ಬಾಯಿ ಮುಚ್ಚಿರುತ್ತೆ.”

ವಾಂಡಾ ಕಣ್ಣೊರೆಸಿಕೊಂಡು, ಖಾರದ ಹೊಗೆ ಎಂದು ಯಾರೂ ಕೇಳದಿದ್ದರೂ ಹೇಳಿ, ಶಿರಸ್ತ್ರಾಣ ಎತ್ತಿಕೊಂಡಳು. ಒಂದೊಂದೇ ಚೀಟಿ ಬಿಡಿಸಿ ಓದಿದಳು. ಅವಳದು ಚೆಂಡೆಸೆಯುವ ಒಬ್ಬ ಕ್ವಾರ್ಟರ್‌ಬ್ಯಾಕ್. ಡೆನ್ನಿಯದು ಎಲ್ಲರೂ ನಿರೀಕ್ಷಿಸಿದ್ದ ದಢೂತಿ. “ಥಿಬೊಡೋ. ಇದು ನನ್ ತಮ್ಮನ ಅಕ್ಷರ. ಏನ್ ಬೇಕೋ ಕೇಳೋ, ಮಾಡಿ ಹಾಕ್ತೀವಿ.” ಕೊನೆಯದನ್ನು ಬಿಡಿಸಿದವಳು ಓದದೆ ನಿಂತಳು. “ಇದೂ ಥಿಬೊಡೋನೇ.”

“ಯಾರು? ಯಾರ್ದು ಅದು?” ಡೆನ್ನಿ ಜಿಗಿದ. “ಪೆಟವೇ! ಕಳ್ಳ! ಇಡೀ ಚಳಿಗಾಲ ಗೋಡೆ ಗೋಡೆ ಅಂತ ನಮ್ಮ ತಲೆ ತಿಂದು, ಕದ್ದು ಓಟಗಾರನ ಹೆಸರು ಬರೆದಿದ್ದೀಯಾ?”

“ಬರಬಾರ್ದು ಅಂತ ಬರ್ದೆ ಕಣೋ,” ಎಂದ ಓಟಿಸ್ ಗಂಭೀರವಾಗಿ. “ನಾನು ಬರೆದೋನು ಬರಲ್ಲ ಅಂತ ಈಗ ನೀನೇ ಹೇಳಿದ್ಯಲ್ಲ. ಅವನಿಗೆ ದೃಷ್ಟಿ ತಾಗ್ಲಿ ಅಂತ ಬರ್ದೆ. ಹತ್ತೊಂಬತ್ತು ವರ್ಷ ಕೈಕೊಡದ ಉಪಾಯ ಇವತ್ತು ಕೈಕೊಡ್ತು. ನನ್ ಹಣೆಬರಹ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಂಥ ಮೂಢನಂಬಿಕೆ ಅವರಿಗೆ ಹೊಸದಲ್ಲ. ಸೋಲಬಾರದೆಂದು ಡೆನ್ನಿ ಒಮ್ಮೆ ಆರು ವಾರ ಸಾಕ್ಸ್ ಒಗೆಯದೆ ತಿರುಗಿದ್ದ. ನಗುವಿನ ನಡುವೆ ವಾಂಡಾ ಚೀಟಿಯನ್ನು ಮೇಜಿನ ಮೇಲೆ ಬಿಟ್ಟಳು. ಟೆಡ್ ಅದನ್ನು ಎತ್ತಿಕೊಂಡ.

ಆಸ್ಪತ್ರೆಯ ಪಾರ್ಕಿಂಗ್ ಚೀಟಿ. ಹಿಂದೆ ಓಟಿಸ್‌ನ ದಪ್ಪ ಅಕ್ಷರದಲ್ಲಿ ಹೆಸರು. ಜೇಬಿನಲ್ಲಿದ್ದು ಇದ್ದು ಮಡಿಕೆಯಲ್ಲಿ ಕಾಗದ ಹರಿದಿತ್ತು, ಶಾಯಿ ಮಾಸಿತ್ತು. ಇವತ್ತು ನಿನ್ನೆ ಬರೆದದ್ದಲ್ಲ. ಮುಂದೆ ಅಚ್ಚಾಗಿದ್ದ ದಿನಾಂಕ ಫೆಬ್ರವರಿ ಹನ್ನೊಂದು.

ಟೆಡ್ ಅದನ್ನು ಎರಡು ಸಲ ಓದಿದ. ಇಂಜಿನ್ ಚಾಲೂ ಮಾಡದೆ ಕುಳಿತಿದ್ದ ಆ ಹೊತ್ತು. ಗಾಜಿನ ಮೇಲೆ ಹಿಮ ಕೂರುತ್ತಿದ್ದಾಗ ತಾನು ಕಣ್ಣು ಮುಚ್ಚಿಕೊಂಡಿದ್ದ. ಪಕ್ಕದಲ್ಲಿ ಇವನು ಈ ಹೆಸರು ಬರೆಯುತ್ತಿದ್ದ, ದೃಷ್ಟಿ ತಾಗಲೆಂದಲ್ಲ, ಬರಲೆಂದು. ಅದನ್ನು ಜೇಬಿಗೆ ಹಾಕಿಕೊಂಡ ಮೇಲೆಯೇ ಬೈಯಲು ಶುರು ಮಾಡಿದ್ದ. ಗೋಡೆಯ ವಾದವೆಲ್ಲ ವಾದವಾಗಿರಲಿಲ್ಲ. ವಾದದಲ್ಲಿ ಸೋಲಲು ಒಪ್ಪದ ಟೆಡ್ ಮರುದಿನ ಬೆಳಿಗ್ಗೆ ಏಳಬೇಕಾಗಿತ್ತು. ಅದಕ್ಕೆ ಎದುರು ವಾದಿಸುವವನೊಬ್ಬ ಬೇಕಾಗಿತ್ತು.

ಓಟಿಸ್ ಹೊರಡಲು ಎದ್ದ. ಮನೆಯಲ್ಲಿ ಇನ್ನೂ ಪಾತ್ರೆ ಕಟ್ಟುವುದಿದೆ, ಅರ್ನೆಸ್ಟಿನ್ ಕಾಯುತ್ತಾಳೆ ಎಂದ. ವಾಂಡಾ ಅವನನ್ನು ಅಪ್ಪಿಕೊಂಡು ಪಿಯರೋಗಿಯ ಡಬ್ಬಿ ಕೊಟ್ಟಳು. ಡೆನ್ನಿ ಕೈ ಕುಲುಕಿ, ಜಾರ್ಜಿಯಾದಲ್ಲಿ ತಂಡ ಬದಲಿಸಿದರೆ ನಿನಗೆ ಬರುವ ಕಾಗದಗಳನ್ನೆಲ್ಲ ಸುಟ್ಟುಹಾಕುತ್ತೇನೆ ಎಂದು ಹೆದರಿಸಿದ. ಟೆಡ್ ಕಾರಿನವರೆಗೆ ಹೋದ.

ಗ್ಯಾರೇಜಿನ ಬೆಳಕು ಅಂಗಳದ ಅರ್ಧದವರೆಗೆ ಬರುತ್ತಿತ್ತು. ಇಬ್ಬರೂ ಅದರಾಚೆ ನಿಂತರು. ಟೆಡ್ ಪಾರ್ಕಿಂಗ್ ಚೀಟಿಯನ್ನು ಚಾಚಿ ಹಿಡಿದ.

“ಹನ್ನೊಂದನೇ ತಾರೀಕು ಇದು.”

ಓಟಿಸ್ ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. “ಜೇಬಲ್ಲಿ ಇದ್ದ ಕಾಗ್ದ. ಕಾಗ್ದ ಅಂದ್ರೆ ಕಾಗ್ದ.”

“ಪೆಟವೇ...”

ಓಟಿಸ್ ಕಾರಿನ ಬಾಗಿಲ ಮೇಲೆ ಕೈಯಿಟ್ಟು ಕಾದ. ಅವಸರ ಮಾಡಲಿಲ್ಲ. ಮುಖ ತಿರುಗಿಸಲೂ ಇಲ್ಲ. ಮಾತು ಟೆಡ್‌ನ ಗಂಟಲವರೆಗೆ ಬಂತು. ನುಂಗಿದ. ನುಂಗುವಾಗ ಇನ್ನೂ ಸ್ವಲ್ಪ ನೋಯುತ್ತಿತ್ತು.

“ಅವನ ಮುಂದೆ ಗೋಡೆ ಇಲ್ದಿದ್ರೆ ಏನೂ ಪ್ರಯೋಜನ ಇಲ್ಲ,” ಎಂದ ಕೊನೆಗೆ. “ನೀನ್ ಹೇಳಿದ್ದು ಸರಿ.”

ಓಟಿಸ್‌ನ ಹುಬ್ಬು ಮೇಲೇರಿತು. ಹತ್ತೊಂಬತ್ತು ವರ್ಷದಲ್ಲಿ ಟೆಡ್ ಅವನ ಮಾತನ್ನು ಒಪ್ಪಿದ್ದು ಅದೇ ಮೊದಲು. ಅವನು ಟೆಡ್‌ನ ಟೋಪಿಯನ್ನು ಹಿಡಿದು ಕಣ್ಣು ಮುಚ್ಚುವಂತೆ ಕೆಳಕ್ಕೆ ಎಳೆದ.

“ಮೊದಲ್ನೇ ಆಟದ ದಿನ ಫೋನ್ ಮಾಡು. ಒಪ್ಕೊಂಡ್ಯಲ್ಲ, ಇನ್ ಮೇಲೆ ನಾನು ಓಟಗಾರನ ಕಡೆ. ಬೈಯೋಕೆ ಯಾರಾದ್ರೂ ಬೇಕಲ್ಲ.”

“ಮಾಡ್ತೀನಿ.”

ಕಾರು ಹಿಂದಕ್ಕೆ ಸರಿದು ಬೀದಿಗೆ ಇಳಿಯಿತು. ಟೆಡ್ ಟೋಪಿ ಸರಿಮಾಡಿಕೊಂಡಾಗ ಅದು ತಿರುವಿನವರೆಗೆ ಹೋಗಿತ್ತು.

ಸೆಪ್ಟೆಂಬರಿನಲ್ಲಿ ಅವನು ಫೋನ್ ಮಾಡಿದ. ಆಮೇಲೆ ಪ್ರತಿ ಆಟದ ದಿನವೂ ಮಾಡಿದ. ಇಬ್ಬರೂ ಗಂಟೆಗಟ್ಟಲೆ ಜಗಳವಾಡಿದರು. ನೀನು ಬಂದೆ, ಅದಕ್ಕೇ ನಾನು ಉಳಿದೆ ಎಂದು ಮಾತ್ರ ಟೆಡ್ ಅವನಿಗೆ ಎಂದೂ ಹೇಳಲಿಲ್ಲ.