ಮೂರು ಸಲ ಕುಟ್ಟಿದ ಹಿಟ್ಟು

"ಪ್ರೋಟೀನು ಹಳೇ ಯಂತ್ರ ಹನ್ನೊಂದೂವರೆ ಅನ್ನತ್ತೆ, ಹೊಸದು ಹನ್ನೆರಡೂಕಾಲು ಅನ್ನತ್ತೆ. ಹಿಟ್ಟು ಒಂದೇ, ಬಾಯಿ ಎರಡು. ನಾನು ಯಾರನ್ನ ನಂಬಲಿ ಲ್ಯಾಬಕ್ಕ?" ಅಂದ ಯಂತ್ರದ ಕಂಪನಿಯ ಇಂಜಿನಿಯರು.

ಲ್ಯಾಬಕ್ಕ ಆ ಹಿಟ್ಟಿನ ಗಿರಣಿಗೆಲ್ಲ ಅಕ್ಕ. ಅವಳ ಮೇಜಿನ ಮೇಲಿನ ಹಳೇ ಯಂತ್ರ ಹಿಟ್ಟಿನ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕಿನಿಂದಲೇ ಪ್ರೋಟೀನು ಎಷ್ಟೆಂದು ನಿಮಿಷದಲ್ಲಿ ಹೇಳಿಬಿಡುತ್ತಿತ್ತು. ಹೇಳಲು ಕಲಿಸಿದವಳು ಇವಳೇ. ಹದಿನಾರು ವರ್ಷ ಆಸಿಡ್ಡಿನ ಹೊಗೆಗೆ ಮೂಗೊಡ್ಡಿ, ಒಂದೊಂದೇ ಹಿಟ್ಟು ಕುದಿಸಿ ಪ್ರೋಟೀನು ಅಳೆದು, ಸರಿಯುತ್ತರ ಕೊಟ್ಟು ಕಲಿಸಿದ್ದು. ಈಗ ಹೊಸದು ಬಂದಿದೆ, ಇವತ್ತು ಮೂರು ಗಂಟೆಗೆ ಹಳೆಯದನ್ನು ಹೊತ್ತೊಯ್ಯುತ್ತಾರೆ. ಅಷ್ಟರಲ್ಲಿ ಮೂವತ್ತು ಹಿಟ್ಟನ್ನು ಎರಡು ಯಂತ್ರದಲ್ಲೂ ಓದಿಸಿ, ಹಳೆಯದರ ವಿದ್ಯೆಯನ್ನು ಹೊಸದಕ್ಕೆ ದಾಟಿಸಬೇಕು. ದಾಟದಿದ್ದರೆ ಮತ್ತೆ ಮೊದಲಿಂದ ಆಸಿಡ್ಡು. ನೆನೆದರೇ ಸೊಂಟ ಹಿಡಿದುಕೊಳ್ಳುತ್ತಿತ್ತು.

"ವ್ಯತ್ಯಾಸ ಒಂದೇ ಸಮ ಇದ್ದಿದ್ರೆ ಕಳೆದು ಬಿಸಾಕ್ತಿದ್ದೆ. ಒಂದರಲ್ಲಿ ಮುಕ್ಕಾಲು, ಇನ್ನೊಂದರಲ್ಲಿ ಕಾಲು. ಇದು ಲೆಕ್ಕಕ್ಕೆ ಬಗ್ಗಲ್ಲ," ಅನ್ನುತ್ತಾ ಅವನು ಇನ್ನೊಂದು ಬಟ್ಟಲಿಗೆ ಕೈ ಹಾಕಿದ. ಬೆಳಗಿಂದ ಹಳೆಯದಕ್ಕೆ ಅವಳು, ಹೊಸದಕ್ಕೆ ಅವನು ತುಂಬುತ್ತಿದ್ದರು.

ಲ್ಯಾಬಕ್ಕ ನೀರು ಕುಡಿಯುತ್ತಾ ನೋಡಿದಳು. ಚಮಚದಲ್ಲಿ ಹಾಕಿದ, ಪಟ್ಟಿಯಿಂದ ಸವರಿದ, ಯಂತ್ರದೊಳಗೆ ಇಟ್ಟ. ಅಷ್ಟೆ.

"ಕುಟ್ಟಲ್ವಾ ತಮ್ಮಾ?"

"ಏನನ್ನ?"

"ಬಟ್ಟಲನ್ನ, ಮೇಜಿನ ಮೇಲೆ ಮೂರು ಸಲ. ಕುಟ್ಟದೆ ಸಡಿಲವಾಗಿರೋ ಹಿಟ್ಟು ಬೆಳಕನ್ನ ಬೇರೆ ಥರ ವಾಪಸ್ ಕೊಡತ್ತೆ."

"ವಿಧಾನದ ಹಾಳೇಲಿ ಇಲ್ವಲ್ಲ ಇದು?"

"ಬರೆದಿಲ್ಲ. ಕೈ ತಾನಾಗಿ ಮಾಡ್ತಿತ್ತು, ಬರೀಬೇಕು ಅಂತ ಹೊಳೀಲೇ ಇಲ್ಲ. ತಪ್ಪು ನಂದೇ."

"ಹಾಗಾದ್ರೆ ನೀವು ಕುಟ್ಟೋದು ಬಿಡಿ, ಸುಲಭ."

"ನಾನು ಬಿಟ್ರೆ ಹದಿನಾರು ವರ್ಷ ನೀರಲ್ಲಿ ಹೋಮ. ಹಳೇದು ಕಲಿತಿರೋದೆಲ್ಲ ಕುಟ್ಟಿದ ಹಿಟ್ಟಿನ ಮೇಲೆ. ನೀನೂ ಕುಟ್ಟು."

ಅವನು ಗಡಿಯಾರ ನೋಡಿದ. "ಆಗಲೇ ಇಪ್ಪತ್ತಾರು ಹಿಟ್ಟು ಆಗಿದೆ, ಲ್ಯಾಬಕ್ಕ. ಹೊಸದರಲ್ಲಷ್ಟೇ ಮತ್ತೆ ಓದಿಸಿದ್ರೆ ಸಾಲದಾ?"

"ಹಿಟ್ಟಿನ ಬಾಟಲಿಗಳು ಬೆಳಗಿಂದ ಬಾಯಿ ತೆರೆದು ಕೂತಿವೆ, ಹಿಟ್ಟು ಒಣಗಿರತ್ತೆ, ನನ್ನ ಬೆಳಗಿನ ಓದೂ ಈಗ ಹೊಂದಲ್ಲ. ಎರಡರಲ್ಲೂ ಒಟ್ಟಿಗೆ ಓದಿಸಬೇಕು. ಮೊದಲಿಂದ."

ಅವನು ಉಸಿರು ಬಿಟ್ಟು ಮೊದಲ ಬಾಟಲಿ ಎಳೆದುಕೊಂಡ. ಆಮೇಲೆ ಕೋಣೆಯಲ್ಲಿ ಮಾತಿಗಿಂತ ಕುಟ್ಟುವ ಸದ್ದೇ ಹೆಚ್ಚು. ಹತ್ತು ಹಿಟ್ಟು ಮುಗಿದಾಗ ಹತ್ತರಲ್ಲೂ ವ್ಯತ್ಯಾಸ ಒಂದೇ ಸಮ, ಕಾಲು; ಇನ್ನು ಕಳೆದರಾಯಿತು. ಇಬ್ಬರಿಗೂ ನಗಲು ತ್ರಾಣವಿರಲಿಲ್ಲ.

ಮೂರಕ್ಕೆ ಸರಿಯಾಗಿ ಹಮಾಲರಿಬ್ಬರು ಗಾಡಿ ತಳ್ಳಿಕೊಂಡು ಬಂದರು. "ಎತ್ತೋದಾ ಅಕ್ಕಾ?" ಅಂದ ಹಿರಿಯವನು.

"ಇನ್ನೂ ಒಂಬತ್ತಿದೆ."

"ಲಾರಿ ಕಾಯಲ್ಲ ಅಕ್ಕಾ."

"ನನ್ನ ಸೊಂಟ ಕಾಯ್ತಿದೆ, ನಿಮ್ಮ ಲಾರಿಗೇನು ದೊಡ್ಡ ರೋಗ?"

ಹಿರಿಯವನು ಅವಳ ಮುಖ ನೋಡಿದ. ಮೂಲೆಯ ಸ್ಟೂಲು ತಂದು ಅವಳ ಹಿಂದೆ ಇಟ್ಟ. ಲ್ಯಾಬಕ್ಕ ಕೂತು, ಇಪ್ಪತ್ತೆರಡನೇ ಬಾಟಲಿಯ ಮುಚ್ಚಳ ತಿರುಗಿಸಿದಳು.